ಆನೆಗೂ ರಜೆ, ಅವ್ವನಿಗಿಲ್ಲ

ವರ್ಗವಾಗಿ ತ್ರಿಶೂರಿಗೆ ಬಂದ ಮೊದಲ ವರ್ಷ, ಜುಲೈ ತಿಂಗಳ ನಡುವೆ, ನನ್ನ ಪಕ್ಕದ ಮೇಜಿನವರು ಹತ್ತು ದಿನಗಳ ರಜೆಗೆ ಅರ್ಜಿ ಬರೆದು ಕಾರಣದ ಜಾಗದಲ್ಲಿ 'ಸುಖಚಿಕಿತ್ಸೆ' ಎಂದು ನಮೂದಿಸಿದರು. ಯಾವ ಕಾಯಿಲೆಯೋ ಏನೋ ಎಂದು ನಾನು ಗಾಬರಿಯಿಂದ ವಿಚಾರಿಸಿದರೆ ಅವರು ನಕ್ಕುಬಿಟ್ಟರು. ಕಾಯಿಲೆ ಏನೂ ಇಲ್ಲ, ಕರ್ಕಿಡಕ ಬಂತಲ್ಲ, ಬರಬಾರದೆಂದೇ ಈ ರಜೆ ಎಂದರು. ಮೇಲಧಿಕಾರಿಗಳು ಒಂದು ಮಾತನ್ನೂ ಕೇಳದೆ ಸಹಿ ಹಾಕಿದರು. ಮೈ ಚೆನ್ನಾಗಿರುವಾಗಲೇ ಮೈಯ ಸಲುವಾಗಿ ರಜೆ ಕೇಳಬಹುದು, ಕೇಳಿದರೆ ಕೊಡುತ್ತಾರೆ ಎಂಬುದು ಕೊಡಗಿನ ನಾಪೋಕ್ಲು ಕಡೆಯ ನನಗೆ ಮೂವತ್ತೆಂಟನೆಯ ವಯಸ್ಸಿನಲ್ಲಿ ಗೊತ್ತಾಯಿತು. ಸಂತೋಷವಾಗುವ ಬದಲು ಎಲ್ಲೋ ಚುಚ್ಚಿದಂತಾಯಿತು.

ಚುಚ್ಚಲು ಕಾರಣ, ಆ ತಿಂಗಳು ನಮ್ಮದೂ ಹೌದು. ಅವರು ಕರ್ಕಿಡಕ ಎನ್ನುವುದನ್ನು ನಾವು ಕಕ್ಕಡ ಎನ್ನುತ್ತೇವೆ. ಮಾಕುಟ್ಟದ ಘಟ್ಟದ ಕೆಳಗೂ ಮೇಲೂ ಸುರಿಯುವುದು ಅದೇ ಮಳೆ, ಈ ಮಳೆಯಲ್ಲಿ ಜೀರ್ಣಶಕ್ತಿ ಕುಂದುತ್ತದೆ, ಮದ್ದು ಮೈಗೆ ಹತ್ತುವುದೂ ಈಗಲೇ ಎಂಬ ನಂಬಿಕೆಯೂ ಹೆಚ್ಚುಕಡಿಮೆ ಒಂದೇ. ಆದರೆ ಅವರು ಆ ನಂಬಿಕೆಯನ್ನು ತಿಂಗಳಿಗೆ ಹಂಚಿಕೊಂಡಿದ್ದಾರೆ. ನವರ ಅಕ್ಕಿಗೆ ಮೆಂತ್ಯ, ಜೀರಿಗೆ ಹಾಕಿ ಬೇಯಿಸಿದ ಗಂಜಿಯನ್ನು ದಿನವೂ ಕುಡಿಯುತ್ತಾರೆ, ಅನುಕೂಲವಿದ್ದವರು ಎಣ್ಣೆ ತಿಕ್ಕಿಸಿಕೊಂಡು ಮನೆಯಲ್ಲೇ ಇರುತ್ತಾರೆ, ಸಂಜೆ ದೀಪ ಹಚ್ಚಿ ರಾಮಾಯಣ ಓದುತ್ತಾರೆ. ಗುರುವಾಯೂರು ದೇವಸ್ವದ ಆನೆಗಳಿಗೂ ಪುನ್ನತ್ತೂರು ಕೋಟೆಯಲ್ಲಿ ಜುಲೈ ತಿಂಗಳಿಡೀ ಸುಖಚಿಕಿತ್ಸೆ. ಒಂದು ಭಾನುವಾರ ಹೋಗಿ ನೋಡಿದೆ. ಮಗ್ಗುಲಾಗಿ ಮಲಗಿದ್ದ ಆನೆಯೊಂದರ ಕಿವಿಯ ಹಿಂಬದಿಯನ್ನು ಮಾವುತರೊಬ್ಬರು ನೀರು ಹಾಕಿ ಹಾಕಿ ತಿಕ್ಕುತ್ತಿದ್ದರು, ಆನೆ ಕಣ್ಣನ್ನು ಅರ್ಧ ಮುಚ್ಚಿ, ಸೊಂಡಿಲ ತುದಿಯನ್ನಷ್ಟೇ ಆಡಿಸುತ್ತಾ ಬಿದ್ದುಕೊಂಡಿತ್ತು. ಆಚೆ ಹೆಸರುಕಾಳು, ಹುರುಳಿ, ಅರಿಶಿನ, ಚ್ಯವನಪ್ರಾಶ ಬೆರೆಸಿದ ಅನ್ನದ ಉಂಡೆಗಳು ಸಿದ್ಧವಾಗುತ್ತಿದ್ದವು. ಅಷ್ಟು ಹೊತ್ತಿಗೆ ನಮ್ಮ ಅವ್ವ ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ನಾಟಿ ಮಾಡುತ್ತಿರುತ್ತಾಳೆ ಎಂಬುದು ನೆನಪಾಗಿ, ಆ ಆನೆಯನ್ನು ಹೆಚ್ಚು ಹೊತ್ತು ನೋಡಲಾಗಲಿಲ್ಲ.

ನಾವು ತಿಂಗಳ ಮದ್ದನ್ನೆಲ್ಲ ಕಕ್ಕಡ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಗಂಟು ಕಟ್ಟಿ ಇಟ್ಟುಕೊಂಡವರು. ಆ ಹೊತ್ತಿಗೆ ಆಟಿ ಸೊಪ್ಪಿನ ಪರಿಮಳ ಬೇಲಿ ದಾಟಿ ಬರುತ್ತದೆ, ಬೇಯಿಸಿದ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಪಾಯಸಕ್ಕೆ ಕಾಯಿತುರಿ ಎಷ್ಟು ಬೀಳಬೇಕೆಂಬ ವಾಗ್ವಾದ ಪ್ರತಿ ವರ್ಷ ಹೊಸದಾಗಿ ನಡೆಯುತ್ತದೆ. ಆ ಸೊಪ್ಪಿನಲ್ಲಿ ಸೇರಿದೆ ಎನ್ನುವ ಹದಿನೆಂಟು ಬಗೆಯ ಮದ್ದನ್ನು ಒಂದೇ ಬಟ್ಟಲಿನಲ್ಲಿ ತಿಂದು ಮುಗಿಸಿ, ಮರುದಿನ ಬೆಳಿಗ್ಗೆ ಮೂತ್ರದ ಬಣ್ಣ ನೋಡಿ ಮದ್ದು ಹಿಡಿದಿದೆ ಎಂದು ಸಮಾಧಾನಪಟ್ಟು, ಮತ್ತೆ ಗದ್ದೆಗಿಳಿಯುತ್ತೇವೆ. ಆರೋಗ್ಯದ ಲೆಕ್ಕ ಅಲ್ಲಿಗೆ ಮುಂದಿನ ಕಕ್ಕಡದವರೆಗೆ ಚುಕ್ತಾ.

ಅವ್ವನ ಮಂಡಿಯ ವಿಷಯ ಹೇಳದೆ ಈ ಸಿಟ್ಟು ಅರ್ಥವಾಗದು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಜನ ಪರಿಹಾರ ಕೇಂದ್ರ ಸೇರಿದಾಗ ಅವಳು ವಾರವಿಡೀ ಅಲ್ಲಿ ಅಡುಗೆಗೆ ನಿಂತಳು. ತರಕಾರಿ ಹೆಚ್ಚಲು ನೆಲಕ್ಕೆ ಕೂತವಳು ಗೋಡೆ ಹಿಡಿಯದೆ ಏಳಲಾರದೆ ಹೋದದ್ದು ಆಗಲೇ ಅಂತೆ. ನಮಗೆ ಅದು ತಿಳಿಯುವ ಹೊತ್ತಿಗೆ ಮೂರು ಹುತ್ತರಿ ಕಳೆದಿದ್ದವು. ಕೇಳಿದಾಗಲೆಲ್ಲ ಸಿಕ್ಕ ಉತ್ತರ ಒಂದೇ: "ಎಂತ ಇಲ್ಲ." ಕಾಫಿ ಕುಯ್ಲು ಮುಗಿಯಲಿ, ಕರಿಮೆಣಸು ಒಣಗಲಿ, ದೊಡ್ಡಪ್ಪನ ಮಗಳ ಮದುವೆ ಆಗಲಿ ಎಂದು ಮುಂದೂಡಿ ಮುಂದೂಡಿ ಕೊನೆಗೆ ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು, ಎರಡು ವರ್ಷ ಮೊದಲೇ ಬಂದಿದ್ದರೆ ತೊಡೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮ ಕಲಿಸಿ ಸವೆತವನ್ನು ಹದ್ದಿನಲ್ಲಿಡಬಹುದಿತ್ತು ಎಂದರು. ಅದೇ ದಿನ ಅಳೆದ ರಕ್ತದೊತ್ತಡವೂ ಏರಿತ್ತು. ಅದು ಎಂದಿನಿಂದ ಏರಿದೆ ಎಂದು ಹೇಳುವವರು ಯಾರೂ ಇರಲಿಲ್ಲ, ಏಕೆಂದರೆ ಅರುವತ್ತೆರಡು ವರ್ಷದ ಆಕೆಯ ತೋಳಿಗೆ ಯಾರೂ ಆ ಪಟ್ಟಿ ಕಟ್ಟಿ ವರ್ಷಗಳೇ ಆಗಿದ್ದವು.

ನಮಗೆ ಆರೈಕೆ ಬಾರದು ಎಂದು ನಾನು ಹೇಳುವುದಿಲ್ಲ. ಮಳೆಗಾಲಕ್ಕೆ ಮುಂಚೆ ಕಾಫಿ ಗಿಡಗಳಿಗೆ ಬೋರ್ಡೋ ದ್ರಾವಣ ಹೊಡೆಸುತ್ತೇವೆ. ರೋಗ ಬಂದ ಮೇಲಲ್ಲ, ಬರುವ ಮೊದಲು. ಕುಯ್ಲಿನಿಂದ ಸೋತ ಗಿಡದ ಬೇಡದ ಚಿಗುರು ಕಿತ್ತು, ಗೊಬ್ಬರ ಕೊಟ್ಟು, ಚೇತರಿಸಿಕೊಳ್ಳಲಿ ಎಂದು ಬಿಡುತ್ತೇವೆ. ಸೆಪ್ಟೆಂಬರ್ 3ರಂದು ಕೈಲ್ ಮುಹೂರ್ತಕ್ಕೆ ಕೋವಿ, ಒಡಿಕತ್ತಿಗಳನ್ನು ಒರೆಸಿ ಎಣ್ಣೆ ಹಾಕಿ ಹೂವಿಟ್ಟು ಪೂಜಿಸುತ್ತೇವೆ. ಗಿಡಕ್ಕೆ, ಕಬ್ಬಿಣಕ್ಕೆ ಸಲ್ಲುವ ಈ ವಿವೇಕ ಮನೆಯ ಹೆಂಗಸಿನ ಮಂಡಿಯ ಬಳಿಗೆ ಬರುವಾಗ ಮಾತ್ರ ಕಾಲು ಎಳೆಯುತ್ತದೆ. ಮಧ್ಯಾಹ್ನ ಒಂದರ್ಧ ಗಂಟೆ ಮಲಗಿದರೆ ಮೈಗಳ್ಳತನ, ಒಂದು ಮೈಲಿ ಸುಮ್ಮನೆ ನಡೆದರೆ ಕೆಲಸವಿಲ್ಲದವರ ಚಾಳಿ. ಜ್ವರ ಬಂದು ಹಾಸಿಗೆ ಹಿಡಿದರಷ್ಟೇ ವಿಶ್ರಾಂತಿಗೆ ಅರ್ಹತೆ. ನಮ್ಮ ಗಂಡಸರ ಮಾತೂ ಬೇರೆಯಲ್ಲ, ಅವರು ಅದನ್ನು ಮರೆಮಾಡುವ ಬಗೆ ಬೇರೆ, ಸಂಜೆಯ ಲೋಟದಲ್ಲಿ.

ಇಷ್ಟು ಬರೆದ ಮೇಲೆ, ಬರೆಯಲು ಅಷ್ಟೇನೂ ಇಷ್ಟವಿಲ್ಲದ ಒಂದೆರಡು ಸಂಗತಿಗಳನ್ನೂ ಸೇರಿಸಬೇಕಾಗಿದೆ. ಸುಖಚಿಕಿತ್ಸೆಯ ಆ ಸಹೋದ್ಯೋಗಿಯ ಮನೆಗೆ ನಾನು ಹೋದಾಗ ಅವರು ಚಾಪೆಯ ಮೇಲೆ ಹಾಯಾಗಿ ಒರಗಿದ್ದರು. ಐದು ಗಂಟೆಗೆ ಎದ್ದು ಗಂಜಿ ಬೇಯಿಸಿದವರು, ಎಣ್ಣೆ ಬಟ್ಟೆ ಒಗೆದವರು ಅವರ ಹೆಂಡತಿ. ನಿಮ್ಮ ಚಿಕಿತ್ಸೆ ಯಾವಾಗ ಚೇಚಿ ಎಂದು ಕೇಳಿದ್ದಕ್ಕೆ ಅವರು ನಕ್ಕ ನಗೆಯಲ್ಲಿ ನನಗೆ ಚಿರಪರಿಚಿತವಾದ 'ಎಂತ ಇಲ್ಲ' ಇತ್ತು, ಮಲಯಾಳದಲ್ಲಿ. ಇನ್ನು, ಅಪ್ಪ ಕಾಲು ಮುರಿದುಕೊಂಡು ಮಲಗಿದ ವರ್ಷ ನಮ್ಮ ಗದ್ದೆ ಒಂದು ದಿನವೂ ತಡವಾಗಲಿಲ್ಲ. ಕರೆಯದೆಯೇ ಬಂದ ಅಕ್ಕಪಕ್ಕದ ಮನೆಯವರು ನಾಟಿ ಮುಗಿಸಿ, ಕೈತೊಳೆದು, ಕಡುಬು ತಿಂದು ಹೋದರು. ತ್ರಿಶೂರಿನಲ್ಲಿ ನಾನು ನಾಲ್ಕು ದಿನ ಜ್ವರದಲ್ಲಿ ಬಿದ್ದಿದ್ದಾಗ ಬಾಗಿಲು ತಟ್ಟಿದವರಿಲ್ಲ. ತಟ್ಟಿ ಎಂದು ನಾನೂ ಯಾರಿಗೂ ಹೇಳಿರಲಿಲ್ಲವೆನ್ನಿ. ಅವ್ವನ ಮಗನೇ ಅಲ್ಲವೇ.

ಈ ಕಕ್ಕಡಕ್ಕೆ ನಾಲ್ಕು ದಿನ ರಜೆ ಹಾಕಿದೆ. ಕಾರಣದ ಜಾಗದಲ್ಲಿ ಸುಖಚಿಕಿತ್ಸೆ ಎಂದು ಬರೆಯಲು ಕೈ ಬಾರದೆ 'ತಾಯಿಯ ಅನಾರೋಗ್ಯ' ಎಂದು ಬರೆದು, ತಲಶ್ಶೇರಿಯಲ್ಲಿ ರೈಲಿಳಿದು, ಮಳೆಯಲ್ಲೇ ಘಟ್ಟ ಹತ್ತಿ ವಿರಾಜಪೇಟೆಗೆ ಬಂದೆ. ಮಂಡಿಗೆಂದು ಮೇ ತಿಂಗಳಲ್ಲಿ ಕಳುಹಿಸಿದ್ದ ಕೊಟ್ಟಂಚುಕ್ಕಾದಿ ತೈಲದ ಎರಡು ಬಾಟಲಿಗಳಲ್ಲಿ ಒಂದು ದೇವರ ಗೂಡಿನ ಪಕ್ಕದಲ್ಲಿ ಮುಚ್ಚಳ ಬಿಚ್ಚದೆ ನಿಂತಿತ್ತು. ಮತ್ತೊಂದು ಕೊಟ್ಟಿಗೆಯ ಗೂಟಕ್ಕೆ ನೇತುಬಿದ್ದಿತ್ತು, ಮುಕ್ಕಾಲು ಖಾಲಿ.

"ಹಸುವಿನ ಹಿಂಗಾಲು ಊದಿತ್ತು ಮಾರಾಯ," ಎಂದಳು ಅವ್ವ, ಹಾಲಿನ ಪಾತ್ರೆಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದನ್ನು ಮಂಡಿಯ ಮೇಲೆ ಊರಿ ಏಳುತ್ತಾ. "ಬಾಯಿ ಬಾರದ ಪ್ರಾಣಿ, ನೋವು ಅಂತ ಹೇಳುವುದಿಲ್ಲವಲ್ಲ."