ಒಲೆ ಹಚ್ಚದ ಉಂಡೆ

ಫೋನಿನಲ್ಲಿ ಅಡುಗೆ ತೋರಿಸುವವರ ಕೈಗೆ ಯಾವತ್ತೂ ಏನೂ ಅಂಟುವುದಿಲ್ಲ, ಗಮನಿಸಿದ್ದೀರಾ? ಖರ್ಜೂರ ಹಾಕಿದರು, ಓಟ್ಸ್ ಸುರಿದರು, ಮಿಕ್ಸಿ ಒಂದು ಸಲ ಗುರ್ರ್ ಅಂತು, ಮುಗೀತು. ಮರುಕ್ಷಣ ಬಿಳಿ ತಟ್ಟೆಯಲ್ಲಿ ಒಂದೇ ಅಳತೆಯ ಉಂಡೆಗಳು ಸಾಲಾಗಿ ಕೂತಿರುತ್ತವೆ. ಒಲೆ ಬೇಡ, ಓವನ್ ಬೇಡ, ಹತ್ತೇ ನಿಮಿಷ ಸಾಕು ಅಂತಾರೆ. ಬೆರಳ ಸಂದಿಯಲ್ಲಿ ಸಿಕ್ಕಿಕೊಂಡದ್ದನ್ನು ಯಾರು ತೆಗೆದರು, ಮಿಕ್ಸಿ ಜಾರ್ ಯಾರು ತೊಳೆದರು ಅನ್ನುವುದನ್ನೆಲ್ಲ ಕತ್ತರಿಸಿ ಬಿಸಾಕಿರುತ್ತಾರೆ. ನನ್ನ ಕೇಳಿದರೆ, ಅವರು ಕತ್ತರಿಸಿ ಬಿಸಾಕಿದ್ದೇ ಅಡುಗೆ. ಉಳಿದದ್ದು ಜಾಹೀರಾತು.

ನಾವಿರುವುದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ. ನನ್ನ ಕೆಲಸ ಮನೆಯಿಂದಲೇ. ಹೆಂಡತಿ ಮಾತ್ರ ದಿನಾ ಬೆಳಿಗ್ಗೆ ಫಾಸ್ಟ್ ಲೋಕಲ್ ರೈಲು ಹತ್ತಿ ಮುಂಬೈಯ ಕೊನೇ ಸ್ಟೇಷನ್ ಸಿಎಸ್‌ಎಂಟಿಗೆ ಹೋಗುತ್ತಾಳೆ. ಫಾಸ್ಟ್ ಅಂದರೂ ಒಂದು ಗಂಟೆಗೆ ಮಿಕ್ಕಿದ ದಾರಿ. ಲೇಡೀಸ್ ಡಬ್ಬಿಯಲ್ಲಿ ಅವಳದೊಂದು ಗುಂಪಿದೆ. ಮೂರು ಜನರ ಸೀಟಿನಲ್ಲಿ ನಾಲ್ಕನೆಯವಳನ್ನು ಕೂರಿಸಿಕೊಂಡು, ಅವಳ ಅರ್ಧ ಮೈ ಗಾಳಿಯಲ್ಲಿ ನೇತಾಡುತ್ತಿದ್ದರೂ ನಗುನಗುತ್ತಾ ಹೋಗುವ ಗುಂಪು. ದಸರಾದ ಹಿಂದಿನ ಕೆಲಸದ ದಿನ ಇವರೆಲ್ಲ ಸೇರಿ ಡಬ್ಬಿಗೆ ಚೆಂಡುಹೂವಿನ ತೋರಣ ಕಟ್ಟುತ್ತಾರೆ, ಪೂಜೆ ಮಾಡುತ್ತಾರೆ, ತಿಂಡಿ ಹಂಚುತ್ತಾರೆ. ಮುಂಬೈ ಲೋಕಲ್‌ಗಳಲ್ಲಿ ಇದು ಹಳೇ ರೂಢಿ. ಈ ಸಲ ನಿನ್ನ ಪಾಲಿನ ತಿಂಡಿ ನಾನು ಮಾಡ್ತೀನಿ ಅಂದೆ.

ಅವಳು ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. “ಮಾಡ್ರಿ. ಆದ್ರ ಒಲಿ ಹತ್ರ ಹೋಗಬ್ಯಾಡ್ರಿ” ಅಂದಳು.

ಈ ಮಾತಿಗೊಂದು ಹಿನ್ನೆಲೆ ಇದೆ. ಅದು ಇಲ್ಲಿ ಬೇಡ. ಒಟ್ಟಿನಲ್ಲಿ ಹೆಂಡತಿಯ ಷರತ್ತಿಗೆ ಸರಿಹೊಂದುವ ತಿಂಡಿ ಲೋಕದಲ್ಲಿ ಒಂದೇ ಇತ್ತು, ಅದನ್ನೇ ಹುಡುಕಿದೆ.

ಬಾಗಲಕೋಟೆಯಿಂದ ಬಂದ ಅವ್ವ ಆಗ ನಮ್ಮಲ್ಲೇ ಇದ್ದಳು. ಪಂಚಮಿ ಬಂತೆಂದರೆ ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಬಾಣಂತಿ ಮನೆಯಲ್ಲಿದ್ದರೆ ಅಂಟಿನ ಉಂಡಿ, ಹೀಗೆ ಉಂಡೆಯಲ್ಲೇ ಸಂಸಾರ ಮಾಡಿದವಳು. ಕುರ್ಚಿ ಎಳೆದುಕೊಂಡು ಅಡುಗೆಮನೆ ಬಾಗಿಲಲ್ಲೇ ಕೂತಳು.

“ಒಲಿ ಹಚ್ಚಲಾರದ ಉಂಡಿ ಹೆಂಗೋ ಆಕ್ಕಾವು? ಹಸೀ ಓಟ್ಸ್ ತಿನ್ನಾಕ ನಾವೇನು ದನಾನ?”

ಹಸಿ ಅಲ್ಲವ್ವ, ಇದನ್ನು ಫ್ಯಾಕ್ಟರಿಯಲ್ಲೇ ಹಬೆಯಲ್ಲಿ ಬೇಯಿಸಿ, ರೋಲರ್ ಕೆಳಗೆ ಒತ್ತಿ ಚಪ್ಪಟೆ ಮಾಡಿರ್ತಾರೆ ಅಂತ ವಿವರಿಸಿದೆ.

“ಅಂದ್ರ ಅವಲಕ್ಕಿ ಇದ್ದಂಗ ಅನ್ನು. ಅವಲಕ್ಕಿನೂ ಹುರೀಬೇಕಪಾ.”

ಇದಕ್ಕೇನು ಉತ್ತರ ಕೊಡೋದು ಅಂತ ಫೋನಿನಲ್ಲಿ ಹುಡುಕಿ ತಲೆ ಎತ್ತುವಷ್ಟರಲ್ಲಿ ಬಾಣಲೆ ಒಲೆಯ ಮೇಲಿತ್ತು, ಓಟ್ಸ್ ಬಾಣಲೆಯಲ್ಲಿತ್ತು, ಘಮ ಹಾಲ್ ದಾಟಿ ಲಿಫ್ಟ್‌ವರೆಗೆ ಹೋಗಿತ್ತು. ಒಲೆ ಹಚ್ಚಿದವನು ನಾನಲ್ಲ ಅನ್ನುವುದನ್ನು ಇಲ್ಲಿ ದಾಖಲಿಸುತ್ತೇನೆ.

ಅಳತೆ ಸುಲಭವಾಗಿತ್ತು. ಒಂದು ಬಟ್ಟಲು ಖರ್ಜೂರ, ಒಂದು ಬಟ್ಟಲು ಓಟ್ಸ್, ಅರ್ಧ ಬಟ್ಟಲು ಪೀನಟ್ ಬಟರ್, ಎರಡು ಚಮಚ ಜೇನು. ಸಕ್ಕರೆ ಸೊನ್ನೆ. (ಖರ್ಜೂರದ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ. ಬೇರೆ ಹಾಕೋಕೆ ಜಾಗ ಎಲ್ಲಿದೆ?) ನಾನು ತಂದದ್ದು ಇರಾನಿನ ಕಿಮಿಯಾ. ಕಪ್ಪಗೆ, ಮೆತ್ತಗೆ, ಬೆರಳು ತಾಗಿದರೆ ಸಾಕು ಸಿಪ್ಪೆ ಜಾರಿ ಬೀಜ ಹೊರಗೆ ಬರುತ್ತದೆ. ತಿನ್ನೋಕೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ರುಬ್ಬೋಕೆ ಬೇರೆ ಯಾವುದಾದರೂ ತನ್ನಿ.

ಯಾಕೆಂದರೆ ಮಿಕ್ಸಿ ಹಾಕಿದ ಕೂಡಲೇ ಅಷ್ಟೂ ಖರ್ಜೂರ ಒಂದು ಮುದ್ದೆಯಾಯಿತು. ಮುದ್ದೆ ಬ್ಲೇಡಿನ ಮೇಲೆ ಹತ್ತಿ ಕೂತಿತು. ಆಮೇಲೆ ಬ್ಲೇಡ್ ತಿರುಗುತ್ತಿದೆಯೋ, ಮುದ್ದೆ ತಿರುಗುತ್ತಿದೆಯೋ ಗೊತ್ತಾಗಲಿಲ್ಲ. ಮಿಕ್ಸಿ ಮಾತ್ರ ಕಟ್ಟೆಯ ಮೇಲೆ ಒಂದೊಂದೇ ಇಂಚು ಸಿಂಕಿನ ಕಡೆ ನಡೆಯತೊಡಗಿತು. ಎರಡೂ ಕೈಯಲ್ಲಿ ಹಿಡಿದುಕೊಂಡೆ. ಮೋಟಾರಿನಿಂದ ಬಿಸಿ ವಾಸನೆ ಬಂತು, ಒಂದು ಸಣ್ಣ ಟಕ್ ಕೇಳಿಸಿತು, ಎಲ್ಲ ಸ್ತಬ್ಧ.

ಸ್ವಿಚ್ ಹಾಕಿದೆ, ತೆಗೆದೆ. ಪ್ಲಗ್ ಬದಲಿಸಿದೆ. ತಟ್ಟಿದೆ. “ನನ್ನ ಒರಳಕಲ್ಲು ಒಂದ ದಿನ ಕೆಟ್ಟಿಲ್ಲ ನೋಡು” ಅಂದಳು ಅವ್ವ, ಬಾಗಿಲಿಂದ.

ಓಟ್ಸಿನ ಘಮಕ್ಕೋ, ನಾನು ತಟ್ಟುವ ಸದ್ದಿಗೋ, ಎದುರು ಮನೆಯ ಮರಾಠಿ ಕಾಕು (ಅಂದರೆ ಚಿಕ್ಕಮ್ಮ) ಒಳಗೆ ಬಂದರು. ಡೊಂಬಿವಲಿಯಲ್ಲಿ ಕಾಕುಗಳು ಬೆಲ್ ಹೊಡೆಯುವುದಿಲ್ಲ. ಮಿಕ್ಸಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಜಾರ್ ತೆಗೆದಿಟ್ಟು, ಮಿಕ್ಸಿ ಮಗುಚಿ, ಅದರ ಹೊಟ್ಟೆಯಡಿ ಇದ್ದ ಕೆಂಪು ಗುಂಡಿ ಒತ್ತಿದರು. ಭಾರ ಜಾಸ್ತಿಯಾದಾಗ ಮೋಟಾರ್ ಸುಟ್ಟುಹೋಗದಿರಲಿ ಅಂತ ತಾನಾಗಿ ಆಫ್ ಆಗುತ್ತದಂತೆ. ಸ್ವಲ್ಪ ತಣ್ಣಗಾದ ಮೇಲೆ ಆ ಗುಂಡಿ ಒತ್ತಿದರೆ ಮತ್ತೆ ಶುರುವಂತೆ. ಅಂಥ ಮುಖ್ಯವಾದ ಗುಂಡಿಯನ್ನು ಯಾರಿಗೂ ಕಾಣದ ಜಾಗದಲ್ಲಿ ಇಟ್ಟವನ ಬುದ್ಧಿಗೆ ಏನನ್ನಬೇಕು ಹೇಳಿ.

ಪೀನಟ್ ಬಟರ್ ವಿಷಯಕ್ಕೆ ಬರೋಣ. ಶೇಂಗಾದಲ್ಲಿ ಹೆಚ್ಚುಕಮ್ಮಿ ಅರ್ಧ ಎಣ್ಣೆಯೇ. ಬೇರೇನೂ ಬೆರೆಸದ ಬಾಟಲಿಯನ್ನು ಸುಮ್ನೆ ಇಟ್ಟರೆ ಎಣ್ಣೆ ಮೇಲೆ, ಹಿಂಡಿ ಕೆಳಗೆ. ಚಮಚದಿಂದ ಚೆನ್ನಾಗಿ ಕದಡಿ ಬಳಸಬೇಕು ಅಂತ ಲೇಬಲ್ ಮೇಲೆ ಬರೆದಿತ್ತು, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ. ಬಾಟಲಿ ಬಗ್ಗಿಸಿದೆ. ಎಣ್ಣೆ ಅಷ್ಟೂ ಒಂದೇ ಸಲ ಬಂತು.

ಉಂಡೆ ಕಟ್ಟಿದರೆ ನಿಲ್ಲಲಿಲ್ಲ. ತಟ್ಟೆಯಲ್ಲಿಟ್ಟ ಕೂಡಲೇ ಕಾಲು ಚಾಚಿ ಮಲಗಿದವು. ಇನ್ನೊಂದು ಬಟ್ಟಲು ಓಟ್ಸ್ ಹಾಕಿದೆ. ಇನ್ನೂ ಮೆತ್ತಗೆ. ಮತ್ತೆ ಹಾಕಿದೆ. ಪ್ಯಾಕೆಟ್ ಖಾಲಿಯಾಯಿತು. ಇಷ್ಟೆಲ್ಲ ಆಗುವಾಗ ಕಾಕು ಇನ್ನೂ ನಿಂತೇ ಇದ್ದರು, ಅವರಿಗೆ ಚಹಾ ಕೊಡದೆ ಕಳಿಸೋದು ಸರಿಯಾ? ಮತ್ತೆ ಒಲೆ ಹತ್ತಿತು. ಅವ್ವನಿಗೆ ಮರಾಠಿ ಬರೋದಿಲ್ಲ, ಕಾಕುಗೆ ಕನ್ನಡ ಬರೋದಿಲ್ಲ. ಇಬ್ಬರೂ ಅರ್ಧ ಗಂಟೆ ನನ್ನ ಬಗ್ಗೆ ಮಾತಾಡಿದರು, ಪೂರ್ತಿ ಅರ್ಥವಾದವರ ಥರ ನಕ್ಕರು.

ಆ ಅರ್ಧ ಗಂಟೆಯಲ್ಲಿ ಓಟ್ಸ್ ತನ್ನ ಕೆಲಸ ಮಾಡಿತ್ತು. ಅದು ಪಸೆಯನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಮೊದಲು ಹಾಕಿದ್ದನ್ನೇ ಮುಚ್ಚಿಟ್ಟು ಇಪ್ಪತ್ತು ನಿಮಿಷ ಕಾದಿದ್ದರೆ ಸಾಕಿತ್ತು, ತಾನೇ ಗಟ್ಟಿಯಾಗುತ್ತಿತ್ತು. ಆದರೆ ಹತ್ತು ನಿಮಿಷದ ತಿಂಡಿಯಲ್ಲಿ ಇಪ್ಪತ್ತು ನಿಮಿಷ ಕಾಯಬೇಕು ಅಂತ ಯಾವ ಮನುಷ್ಯನಿಗೆ ಹೊಳೆಯುತ್ತದೆ? ಈಗ ಮುಷ್ಟಿಯಲ್ಲಿ ಒತ್ತಿದರೆ ಉಂಡೆ, ಬಿಟ್ಟರೆ ಪುಡಿ. ಮತ್ತೆ ಖರ್ಜೂರ, ಮತ್ತೆ ಜೇನು. ಬಟ್ಟಲಿನಿಂದ ಬೋಗುಣಿಗೆ, ಬೋಗುಣಿಯಿಂದ ರೊಟ್ಟಿ ಹಿಟ್ಟು ನಾದುವ ಪರಾತಕ್ಕೆ ಬಂತು. ಲೇಡೀಸ್ ಡಬ್ಬಿ ಒಂದಕ್ಕಲ್ಲ, ಇಡೀ ಗಾಡಿಗೆ ಸಾಕಾಗುವಷ್ಟಾಯಿತು. ಅವ್ವ ಕೊನೆಗೂ ಎದ್ದು ಬಂದು, ಅಂಗೈಗೆ ತುಪ್ಪ ಸವರಿಕೊಂಡು ಕಟ್ಟತೊಡಗಿದಳು. ನಾನು ಒಂದು ಕಟ್ಟುವಾಗ ಅವಳದು ನಾಲ್ಕು. ಎಡಗೈಯಿಂದ ಚೂರು ಕೀಳುತ್ತಿದ್ದಳು, ಬಲಗೈ ಮುಷ್ಟಿಯಲ್ಲೇ ಹೆಬ್ಬೆರಳು ಒಂದು ಸುತ್ತು ಹಾಕುತ್ತಿತ್ತು. ನೋಡುವ ಕೆಲಸವೂ ಇರಲಿಲ್ಲ, ಕಾಕು ಜೊತೆ ಮಾತು ನಡೆದೇ ಇತ್ತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ವಿಡಿಯೋದಲ್ಲಿ ಮೇಲೆ ಚಾಕೊಲೇಟ್ ಇತ್ತು. ಚಾಕೊಲೇಟ್ ಕರಗಿಸಲು ಬಿಸಿನೀರು ಬೇಕು, ಬಿಸಿನೀರಿಗೆ ಒಲೆ ಬೇಕು. ಅಂಟಿದ ಜಾರ್ ತೊಳೆಯಲಿಕ್ಕೂ ಬಿಸಿನೀರೇ. ಒಲೆ ಆ ಸಂಜೆ ಆರಲೇ ಇಲ್ಲ ಅನ್ನಿ. ಹೊಳಪು ಬರಲಿ ಅಂತ ಚಾಕೊಲೇಟಿಗೆ ಒಂದು ಚಮಚ ಕೊಬ್ಬರಿ ಎಣ್ಣೆಯನ್ನೂ ಹಾಕಬೇಕಂತೆ, ಹಾಕಿದೆ. ಫ್ರಿಜ್ಜಿನಲ್ಲಿಟ್ಟು ತೆಗೆದಾಗ ನಿಜವಾಗಲೂ ಹೊಳೆಯುತ್ತಿದ್ದವು. ಆಫೀಸಿಂದ ಬಂದ ಹೆಂಡತಿ ಒಂದು ತಿಂದು, “ಅತ್ತಿ, ನೀವ ಮಾಡಿದ್ರೇನು?” ಅಂತ ಅವ್ವನನ್ನು ಕೇಳಿದಳು. ಅವ್ವ ಇಲ್ಲ ಅನ್ನಲಿಲ್ಲ.

ಬೆಳಿಗ್ಗೆ ಸ್ಟೀಲ್ ಡಬ್ಬದಲ್ಲಿ ಒತ್ತಾಗಿ ತುಂಬಿ ಕಳಿಸಿದೆ. ಮುಂಬೈಯ ಅಕ್ಟೋಬರ್ ನಿಮಗೆ ಗೊತ್ತಲ್ಲ. ಮಳೆ ಹೋಗಿ, ಚಳಿ ಬಾರದೆ, ಮಧ್ಯಾಹ್ನ 34-35 ಡಿಗ್ರಿ. ಬೆಳಿಗ್ಗೆ ಅಷ್ಟಿರದಿದ್ದರೂ ತುಂಬಿದ ಲೋಕಲ್ಲಿನ ಒಳಗೆ ಋತುಮಾನವೇ ಬೇರೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಕರಗಲು ಶುರುವಾಗುತ್ತದೆ. ಠಾಣೆ ಬರುವಷ್ಟರಲ್ಲಿ ಚಾಕೊಲೇಟ್ ನೀರಾಗಿತ್ತಂತೆ. ಘಾಟ್ಕೋಪರಿನಲ್ಲಿ ಪೂಜೆ ಮುಗಿಸಿ ಮುಚ್ಚಳ ತೆಗೆದರೆ ಉಂಡೆಗಳೇ ಇಲ್ಲ. ಡಬ್ಬದ ಆಕಾರದಲ್ಲಿ ಒಂದೇ ಒಂದು ಕಪ್ಪು ಗಡ್ಡೆ.

ಲೇಡೀಸ್ ಡಬ್ಬಿಯಲ್ಲಿ ಇದೇನೂ ದೊಡ್ಡ ಸಂಗತಿಯಲ್ಲ. ಸಂಜೆ ವಾಪಸ್ ಬರುವಾಗ ರಾತ್ರಿಯ ಪಲ್ಯಕ್ಕೆ ಕಾಯಿಪಲ್ಲೆ ಹೆಚ್ಚಿಕೊಳ್ಳುವವರು ಅವರು. ಒಬ್ಬಾಕೆ ಬ್ಯಾಗಿಂದ ಚಾಕು ತೆಗೆದಳು. ಗಡ್ಡೆಯನ್ನು ಅಡ್ಡ ನಾಲ್ಕು, ಉದ್ದ ನಾಲ್ಕು ಗೆರೆ ಎಳೆದು ಬರ್ಫಿಯ ಹಾಗೆ ವಡಿ ಕೊಯ್ದಳು. ನಾಲ್ಕನೇ ಸೀಟಿನವಳಿಂದ ಹಿಡಿದು ಬಾಗಿಲಲ್ಲಿ ನಿಂತವರ ತನಕ ಹಂಚಿದರು. ದಾದರ್ ಬರುವಾಗ ಡಬ್ಬ ಖಾಲಿ.

ಸಂಜೆ ಹೆಂಡತಿ ಚಪ್ಪಲಿ ಬಿಡುತ್ತಲೇ ಸುದ್ದಿ ಹೇಳಿದಳು. ವಡಿ ಬಹಳ ಚಲೋ ಆಗಿದ್ದವಂತೆ, ಕರ್ನಾಟಕದ ಕಡೆಯ ವಡಿಯಾ ಅಂತ ಕೇಳಿದರಂತೆ, ಇವಳು ಹೂಂ ಅಂದಳಂತೆ. ದೀಪಾವಳಿಗೆ ಮತ್ತೆ ಅದೇ ಬೇಕಂತೆ.

ನಾನು ಅಳತೆಗಳನ್ನು ನೆನಪಿಸಿಕೊಳ್ಳತೊಡಗಿದೆ. ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅವ್ವ ತಲೆ ಎತ್ತದೆ ಹೇಳಿದಳು: “ಈ ಸಲ ಉಂಡಿ ಕಟ್ಟೂದು ಬ್ಯಾಡ. ಹಂಗ ಡಬ್ಬಿಗೆ ತುರುಕಿ ಕೊಟ್ಟ ಬಿಡು. ಕೊಯ್ಯಾಕ ಅಕಿ ಅದಾಳಲ್ಲ.”