ಯಾವ ಟೀ ಅಂತ ನಿಮ್ಮ ಡ್ರೈವ್ ಹೇಳಲಿ

ಗಾಲ್ಫ್ ಕೋರ್ಸ್‌ನಲ್ಲಿ ಮೊದಲ ಹೊಡೆತಕ್ಕೂ ಮುಂಚೆ ಒಂದು ತೀರ್ಮಾನ ಮಾಡಬೇಕು. ಯಾವ ಬಣ್ಣದ ಟೀಯಿಂದ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗದಿಂದ, ಆಡೋದು? ಕಪ್ಪೋ, ನೀಲಿಯೋ, ಬಿಳಿಯೋ, ಕೆಂಪೋ? ಮುಂದಿನ ನಾಲ್ಕು ಗಂಟೆ ಖುಷಿಯಲ್ಲಿ ಕಳೆಯುತ್ತದೋ ಬೇಸರದಲ್ಲಿ ಕಳೆಯುತ್ತದೋ ಅನ್ನೋದು ಬಹುಪಾಲು ಅಲ್ಲೇ ನಿಶ್ಚಯವಾಗಿಬಿಡುತ್ತದೆ. ಆದರೂ ನಾವು ಇದಕ್ಕೆ ಅರ್ಧ ನಿಮಿಷವೂ ಕೊಡುವುದಿಲ್ಲ. ಗುಂಪಿನಲ್ಲಿ ಒಬ್ಬರು "ಬ್ಲೂ ಆಡೋಣ" ಅನ್ನುತ್ತಾರೆ, ಉಳಿದವರು ಸುಮ್ನೆ ಅವರ ಹಿಂದೆ ಹೋಗುತ್ತಾರೆ.

ನಾನಿರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ರಾಲಿ ಪಕ್ಕದ ಕ್ಯಾರಿ ಊರಿನಲ್ಲಿ. ಇಲ್ಲಿ ವಾರಾಂತ್ಯಕ್ಕೆ ಗಾಲ್ಫ್ ಆಡುವ ನಮ್ಮದೇ ಒಂದು ಕನ್ನಡದ ಗುಂಪಿದೆ. ಊರಿಗೆ ಬಂದಾಗ ಬೆಂಗಳೂರಿನಲ್ಲೂ ಆಡುತ್ತೇನೆ. ಎರಡೂ ಕಡೆ ನೋಡಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿರುವುದು ಇಷ್ಟು: ಟೀ ಆರಿಸುವಾಗ ನೋಡಬೇಕಾದದ್ದು ಚೆಂಡು ಎಷ್ಟು ದೂರ ಹೋಗುತ್ತದೆ ಅನ್ನೋದನ್ನ ಮಾತ್ರ. ಗಂಡೋ ಹೆಣ್ಣೋ, ವಯಸ್ಸೆಷ್ಟು, ಕ್ಲಬ್ಬಿಗೆ ಸೇರಿ ಎಷ್ಟು ವರ್ಷವಾಯಿತು, ಇವು ಯಾವುವೂ ಲೆಕ್ಕಕ್ಕೆ ಬರಬಾರದು.

ಗಾಲ್ಫ್ ಆಡದವರಿಗಾಗಿ ಎರಡು ಮಾತು. ಪ್ರತಿ ಹೋಲ್ ಶುರುವಾಗುವ ಕಡೆ ಒಂದರ ಮುಂದೆ ಒಂದರಂತೆ ನಾಲ್ಕೈದು ಜೊತೆ ಬಣ್ಣದ ಗುರುತು ಇಟ್ಟಿರುತ್ತಾರೆ. ಮುಟ್ಟಬೇಕಾದ ಗುಳಿ ಎಲ್ಲರಿಗೂ ಒಂದೇ, ಹೊರಡುವ ಜಾಗ ಬೇರೆ. ಹಿಂದಿನ ಗುರುತಿನಿಂದ ಹದಿನೆಂಟು ಹೋಲ್ ಸೇರಿ 7,000 ಗಜ ಆದರೆ, ಮುಂದಿನದ್ದರಿಂದ 5,000 ಗಜದ ಆಸುಪಾಸು ಇರಬಹುದು. ಯಾವ ಬಣ್ಣ ಎಲ್ಲಿ ಅನ್ನೋದನ್ನ ಆಯಾ ಕ್ಲಬ್ ತೀರ್ಮಾನ ಮಾಡುತ್ತದೆ. ಆದರೆ ಹಿಂದಿನ ನೀಲಿ ಗಟ್ಟಿ ಆಟಗಾರರಿಗೆ, ನಡುವಿನ ಬಿಳಿ ಉಳಿದ ಗಂಡಸರಿಗೆ, ಮುಂದಿನ ಕೆಂಪು ಹೆಂಗಸರಿಗೆ ಅನ್ನೋ ಹಳೇ ರೂಢಿ ಎಲ್ಲರ ತಲೆಯಲ್ಲೂ ಕೂತಿದೆ.

ಈಗ ಡ್ರೈವರ್ (ಅತಿ ದೂರ ಹೊಡೆಯುವ ಕೋಲು, ಅದರ ಹೊಡೆತವೇ ಡ್ರೈವ್) ಹಿಡಿದರೆ 210 ಗಜ ಹೊಡೆಯುವ ಒಬ್ಬ ಆಟಗಾರನನ್ನ ತಗೊಳ್ಳಿ. ಹವ್ಯಾಸಿ ಗಂಡಸರಲ್ಲಿ ಇದು ಕಮ್ಮಿ ಏನಲ್ಲ, ಸರಾಸರಿಗೆ ಹತ್ತಿರವೇ. ನೀಲಿ ಟೀಯಿಂದ 410 ಗಜದ ಪಾರ್ ಫೋರ್, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್. ಡ್ರೈವ್ ಚೆನ್ನಾಗಿ ಬಿತ್ತು. ಇನ್ನೂ 200 ಗಜ ಬಾಕಿ. ಮತ್ತೆ ಫೇರ್‌ವೇ ವುಡ್ ಅನ್ನೋ ಇನ್ನೊಂದು ದೂರದ ಕೋಲು ತೆಗೆಯಬೇಕು. ಗ್ರೀನ್ (ಗುಳಿಯ ಸುತ್ತಲಿನ ನುಣುಪು ಹುಲ್ಲು) ಮುಂದೆ ಬಂಕರ್ (ಮರಳ ಗುಂಡಿ) ಇದೆ. ತಗ್ಗಿನಲ್ಲಿ ಹಾರಿ ಬರುವ ಚೆಂಡು ಒಂದೋ ಮರಳಿಗೆ ಬೀಳುತ್ತದೆ, ಇಲ್ಲವೇ ಗ್ರೀನ್ ಮೇಲೆ ನಿಲ್ಲದೆ ಆಚೆಗೆ ಉರುಳುತ್ತದೆ. ಅದೇ ಹೋಲ್ ಬಿಳಿ ಟೀಯಿಂದ 350 ಗಜ. ಅದೇ ಡ್ರೈವ್ ಹೊಡೆದರೆ ಉಳಿಯುವುದು 140. ಏಳನೇ ಐರನ್ ಅನ್ನೋ ಕೋಲು ಕೈಗೆ ಬರುತ್ತದೆ. ಸರಿಯಾಗಿ ಹೊಡೆದರೆ ಚೆಂಡು ಎತ್ತರಕ್ಕೆ ಏರಿ, ಬಂಕರ್ ದಾಟಿ, ಗ್ರೀನ್ ಮೇಲೆ ಮೆತ್ತಗೆ ಇಳಿದು ನಿಲ್ಲುತ್ತದೆ. ಕೋರ್ಸ್ ಕಟ್ಟಿದವರು ಆ ಬಂಕರನ್ನ ಅಲ್ಲಿ ಇಟ್ಟಿದ್ದೇ ಈ ಐರನ್ ಹೊಡೆತವನ್ನ ಪರೀಕ್ಷೆ ಮಾಡಲು. ನೀಲಿಯಿಂದ ಆಡಿದವನಿಗೆ ಆ ಪರೀಕ್ಷೆಗೆ ಕೂರುವ ಅವಕಾಶವೇ ಸಿಗುವುದಿಲ್ಲ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಡ್ರೈವರ್, ವುಡ್, ಚಿಪ್ (ಗ್ರೀನ್ ಪಕ್ಕದಿಂದ ಸಣ್ಣ ಹೊಡೆತ), ಇಷ್ಟೇ.

ಟಿವಿಯಲ್ಲಿ ನೋಡುವ ವೃತ್ತಿಪರರು 300 ಗಜ ಹೊಡೆಯುತ್ತಾರೆ. 450 ಗಜದ ಹೋಲ್‌ನಲ್ಲೂ ಅವರಿಗೆ ಉಳಿಯುವುದು 150 ಗಜ, ಅದು ಅವರಿಗೆ ಒಂಬತ್ತನೇ ಐರನ್. ಅವರ ಥರಾನೇ ಆಡಬೇಕು ಅನ್ನುವವರು ಮುಂದಕ್ಕೆ ಬರಬೇಕು, ಹಿಂದಕ್ಕೆ ಹೋಗಬಾರದು.

ಅಮೆರಿಕದಲ್ಲಿ ಈ ಲೆಕ್ಕವನ್ನ 2011ರಲ್ಲೇ ಜನರ ಮುಂದೆ ಇಟ್ಟರು. ಗಾಲ್ಫ್ ಕೋಲು (ಕ್ಲಬ್) ತಯಾರಿಸುವ ಕಂಪನಿ ಕಟ್ಟಿದ ಬಾರ್ನಿ ಆಡಮ್ಸ್ ಅವರ ಯೋಚನೆ ಇದು. ಗಾಲ್ಫ್ ಕಲಿಸುವ ವೃತ್ತಿಪರರ ಸಂಘವಾದ ಪಿಜಿಎ ಆಫ್ ಅಮೆರಿಕ ಮತ್ತು ಅಮೆರಿಕದಲ್ಲಿ ಆಟದ ನಿಯಮ ನೋಡಿಕೊಳ್ಳುವ ಯುಎಸ್‌ಜಿಎ ಸೇರಿ 'ಟೀ ಇಟ್ ಫಾರ್ವರ್ಡ್' ಅಂತ ಅಭಿಯಾನ ಶುರು ಮಾಡಿದವು. ನಿಮ್ಮ ಡ್ರೈವ್ 250 ಗಜ ಆದರೆ 6,200ರಿಂದ 6,400 ಗಜದ ಕೋರ್ಸ್ ಆಡಿ, 225 ಆದರೆ 5,800ರಿಂದ 6,000, 200 ಆದರೆ 5,200ರಿಂದ 5,400, 150 ಆದರೆ 3,500ರಿಂದ 3,700. ಇಷ್ಟೇ ಸಲಹೆ. ಇದರಲ್ಲಿ ಗಂಡು ಹೆಣ್ಣು ಅನ್ನೋ ಮಾತೇ ಇಲ್ಲ ನೋಡಿ.

ಆ ಕೊನೆಯ ಸಂಖ್ಯೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ಹವ್ಯಾಸಿ ಹೆಂಗಸರ ಡ್ರೈವ್ ಸರಾಸರಿ 150 ಗಜದ ಆಸುಪಾಸು. ಅವರಿಗೆ ಅಂತ ಬಿಟ್ಟಿರುವ ಕೆಂಪು ಟೀ ಎಷ್ಟೋ ಕೋರ್ಸ್‌ಗಳಲ್ಲಿ 5,200 ಗಜದ ಹತ್ತಿರ ಇರುತ್ತದೆ. ಅದೇ ಪ್ರಮಾಣದಲ್ಲಿ 225 ಗಜ ಹೊಡೆಯುವ ಗಂಡಸಿಗೆ ಲೆಕ್ಕ ಹಾಕಿ. 7,800 ಗಜ ಬರುತ್ತದೆ! 2014ರಲ್ಲಿ ಇಲ್ಲೇ ಪೈನ್‌ಹರ್ಸ್ಟ್ ನಂಬರ್ 2 ಅನ್ನೋ ಕೋರ್ಸ್‌ನಲ್ಲಿ ಗಂಡಸರ ಯು.ಎಸ್. ಓಪನ್ ಅನ್ನೋ ದೊಡ್ಡ ಪಂದ್ಯಾವಳಿ ನಡೆದಾಗ ಕೋರ್ಸ್ ಇದ್ದದ್ದು 7,500 ಚಿಲ್ಲರೆ ಗಜ. ಅಂದರೆ ಭಾನುವಾರ ಬೆಳಗ್ಗೆ ಆಡಲು ಬರುವ ಗೃಹಿಣಿಗೋ ಇಂಜಿನಿಯರ್ ಹುಡುಗಿಗೋ ನಾವು ಯು.ಎಸ್. ಓಪನ್‌ಗಿಂತ ಉದ್ದದ ಕೋರ್ಸ್ ಕೊಟ್ಟು, ಜೊತೆಗೆ "ನಿಮಗೇನು, ಮುಂದಿನ ಟೀ" ಅಂತ ಬೇರೆ ಅನ್ನುತ್ತೇವೆ. ಇದು ತುಂಬಾ ಅನ್ಯಾಯ. ಗಾಲ್ಫ್ ಶುರು ಮಾಡಿದ ಎಷ್ಟೋ ಹೆಂಗಸರು ಬೇಗ ಬಿಟ್ಟುಬಿಡಲು ಇದೂ ಒಂದು ಕಾರಣ ಅಂತ ನನಗೆ ಅನಿಸುತ್ತದೆ. ಚೆನ್ನಾಗಿ ಹೊಡೆದ ಮೇಲೂ ನಾಲ್ಕು ಹೊಡೆತಕ್ಕೂ ಗ್ರೀನ್ ಸಿಗದಿದ್ದರೆ ಯಾರಿಗೆ ತಾನೇ ಉತ್ಸಾಹ ಉಳಿಯುತ್ತದೆ?

ಇದನ್ನ ಹೆಂಗಸೊಬ್ಬರು ಬಹಳ ಹಿಂದೆಯೇ ಹೇಳುತ್ತಾ ಬಂದಿದ್ದರು. ಕೋರ್ಸ್ ವಿನ್ಯಾಸಕಿ ಆಲಿಸ್ ಡೈ ಹೆಂಗಸರಿಗೆ ಒಂದಲ್ಲ, ಎರಡು ಟೀ ಬೇಕು ಅಂತ ವಾದಿಸುತ್ತಿದ್ದರು. ಕಮ್ಮಿ ದೂರ ಹೊಡೆಯುವವರಿಗೆ ಇನ್ನೂ ಮುಂದಿನ ಟೀ ಇರಲಿ ಅಂತ. ಫ್ಲಾರಿಡಾದ ಸಾಗ್ರಾಸ್ ಕೋರ್ಸ್‌ನಲ್ಲಿ ನೀರಿನ ನಡುವೆ ಗ್ರೀನ್ ಇರುವ ಆ ಹದಿನೇಳನೇ ಹೋಲ್ ಇದೆಯಲ್ಲ, ಅದರ ಉಪಾಯ ಕೊಟ್ಟವರೂ ಅವರೇ.

ಪೈನ್‌ಹರ್ಸ್ಟ್ ನಮ್ಮ ಮನೆಯಿಂದ ಹೆಚ್ಚುಕಮ್ಮಿ ಒಂದು ಗಂಟೆಯ ಹಾದಿ. 2014ರಲ್ಲಿ ಅಲ್ಲಿ ಒಂದು ವಾರ ಗಂಡಸರ ಓಪನ್, ಮರುವಾರ ಅದೇ ಕೋರ್ಸ್‌ನಲ್ಲಿ ಹೆಂಗಸರ ಓಪನ್ ನಡೆಯಿತು. ಮಾರ್ಟಿನ್ ಕೈಮರ್ ಗೆದ್ದರು, ಮಿಶೆಲ್ ವೀ ಗೆದ್ದರು. ಹೆಂಗಸರ ವಾರದಲ್ಲಿ ಕೋರ್ಸ್ ಉದ್ದ 6,600 ಗಜದ ಆಸುಪಾಸು. ಎರಡೂ ವಾರ ಆಟಗಾರರು ಗ್ರೀನ್‌ಗೆ ಹೆಚ್ಚುಕಮ್ಮಿ ಒಂದೇ ಥರದ ಕ್ಲಬ್ಬಿನಿಂದ ಹೊಡೆಯುವಂತಾಗಲಿ ಅನ್ನೋದು ಸಂಘಟಕರ ಲೆಕ್ಕವಾಗಿತ್ತು. ಜಗತ್ತಿನ ಅತಿ ದೊಡ್ಡ ಆಟಗಾರರಿಗೇ ಹೀಗೆ ಅಳೆದು ಟೀ ಇಡುತ್ತಾರೆ ಅಂದಮೇಲೆ ನಮಗೆ ಬೇಡವಾ?

ಅದರ ಪಕ್ಕದ ಸದರ್ನ್ ಪೈನ್ಸ್‌ನಲ್ಲಿ ಲಾಂಗ್‌ಲೀಫ್ ಅಂತ ಒಂದು ಕೋರ್ಸ್ ಇದೆ. ನನಗೆ ಬಹಳ ಇಷ್ಟವಾದ ವ್ಯವಸ್ಥೆ ಅಲ್ಲಿದೆ. ಪ್ರಾಕ್ಟೀಸ್ ರೇಂಜ್‌ನಲ್ಲಿ ಬೇರೆ ಬೇರೆ ದೂರಕ್ಕೆ ಬಣ್ಣದ ಕಂಬ ನೆಟ್ಟಿದ್ದಾರೆ. ನೀವು ಡ್ರೈವರ್ ಹಿಡಿದು ಒಂದಷ್ಟು ಚೆಂಡು ಹೊಡೆಯಿರಿ. ಸಾಮಾನ್ಯವಾಗಿ ಯಾವ ಕಂಬದ ಹತ್ತಿರ ಬೀಳುತ್ತದೋ ಅದೇ ನಿಮ್ಮ ಟೀ. ಎಂಟು ವರ್ಷದ ಮಗುವಿಗೂ ಒಂದು ಟೀ ಇದೆ, ಅಜ್ಜನಿಗೂ ಇದೆ, ಕಾಲೇಜು ತಂಡದ ಹುಡುಗನಿಗೂ ಇದೆ. ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ನಮ್ಮ ಗುಂಪಿನ ಗೆಳೆಯರೊಬ್ಬರ ತಂದೆ ಕೆಜಿಎಫ್‌ನಲ್ಲಿ ಗಾಲ್ಫ್ ಕಲಿತವರು, ಎಪ್ಪತ್ತು ದಾಟಿದೆ. ಅಲ್ಲಿ ಅವರ ಚೆಂಡು ಬಿದ್ದ ಕಂಬಕ್ಕೆ ತಕ್ಕ ಟೀಯಿಂದ ಆಡಿಸಿದೆವು. ಪಾರ್ ಫೋರ್ ಒಂದರಲ್ಲಿ ಎರಡೇ ಹೊಡೆತಕ್ಕೆ ಗ್ರೀನ್ ಸೇರಿ, ಒಂದೇ ಪಟ್‌ನಲ್ಲಿ (ಗ್ರೀನ್ ಮೇಲೆ ಉರುಳಿಸುವ ಹೊಡೆತ) ಮುಗಿಸಿ ಬರ್ಡಿ, ಅಂದರೆ ಪಾರ್‌ಗಿಂತ ಒಂದು ಕಮ್ಮಿ, ಮಾಡಿದರು. ಆಮೇಲೆ ದಾರಿಯುದ್ದಕ್ಕೂ ಅದೇ ಮಾತು.

ಸ್ಕಾಟ್ಲೆಂಡ್‌ನಲ್ಲಿ ಇನ್ನೊಂದು ರೀತಿ. ಬಹಳಷ್ಟು ಕ್ಲಬ್ಬುಗಳಲ್ಲಿ ಬಿಳಿ ಟೀ ಸ್ಪರ್ಧೆಗೆ ಮೀಸಲು. ಬಂದ ಅತಿಥಿಗೆ ಹಳದಿ ಅನ್ನುತ್ತಾರೆ, ಮಾತು ಮುಗಿಯಿತು. ಗಾಲ್ಫ್ ಹುಟ್ಟಿದ ನಾಡಿನಲ್ಲೇ ಮುಂದಿನ ಟೀಯಿಂದ ಆಡೋದು ಅವಮಾನ ಅಂತ ಯಾರೂ ಅಂದುಕೊಳ್ಳುವುದಿಲ್ಲ.

ನಮ್ಮೂರಿನಲ್ಲಿ ಅಂದುಕೊಳ್ಳುತ್ತಾರೆ, ನನ್ನ ಬೇಸರ ಅದೇ. ಬೆಂಗಳೂರಿನ ಒಂದು ಕೋರ್ಸ್‌ನಲ್ಲಿ ನಮ್ಮ ಬಂಧುವೊಬ್ಬರು, ಮಂಡಿ ಆಪರೇಷನ್ ಆದವರು, ಕೆಂಪು ಟೀ ಕಡೆ ನಡೆದರು. ಜೊತೆಯವರು ಕೂಗಿದರು, "ಸರ್, ಅದು ಲೇಡೀಸ್ ಟೀ!" ಅವರು ತಿರುಗಿ ಬಂದು ಬಿಳಿಯಿಂದ ಆಡಿದರು. ಒಂಬತ್ತು ಹೋಲ್‌ಗೆ ಸುಸ್ತಾಗಿ ನಿಲ್ಲಿಸಿದರು. ಕೂಗಿದವರದ್ದು ಕೆಟ್ಟ ಮನಸ್ಸೇನಲ್ಲ. ಆದರೆ ಆ ಒಂದು ಮಾತಿನಿಂದ ಹಿರಿಯರೊಬ್ಬರ ಬೆಳಗು ಹಾಳಾಯಿತು. ಅದೇ ಕಡೆ 230 ಗಜ ಹೊಡೆಯುವ ಹುಡುಗಿ ಬಿಳಿಯಿಂದ ಆಡಲು ಬಂದರೂ ಹುಬ್ಬು ಏರಿಸುತ್ತಾರೆ.

ದೂರ ಹೊಡೆಯದವರು ಕೆಳಮಟ್ಟದ ಆಟಗಾರರು ಅನ್ನುವವರು ಬೆಂಗಳೂರಿನವರೇ ಆದ ಅದಿತಿ ಅಶೋಕ್ ಅವರನ್ನ ನೆನಪು ಮಾಡಿಕೊಳ್ಳಲಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅತಿ ಕಮ್ಮಿ ದೂರ ಹೊಡೆಯುವವರ ಸಾಲಿನಲ್ಲಿದ್ದರು. ಆದರೂ ಚಿಪ್ ಮತ್ತು ಪಟ್‌ನ ಬಲದಿಂದ ನಾಲ್ಕನೇ ಸ್ಥಾನಕ್ಕೆ ಬಂದರು. ಒಂದೇ ಸ್ಟ್ರೋಕ್‌ನಲ್ಲಿ (ಹೊಡೆತ) ಪದಕ ತಪ್ಪಿತು.

ಬೆಂಗಳೂರಿನವರು ತಮ್ಮ ದೂರ ಅಳೆಯುವಾಗ ಇನ್ನೊಂದು ಗಮನಿಸಬೇಕು. ಊರು ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ. ಗಾಳಿ ತೆಳು, ಚೆಂಡು ಸುಮಾರು ಮೂರು ಪರ್ಸೆಂಟ್ ಜಾಸ್ತಿ ಹೋಗುತ್ತದೆ. ಅಲ್ಲಿಂದ ಇಲ್ಲಿಗೆ ಬಂದವರು, ಅದರಲ್ಲೂ ಚಳಿಗಾಲದಲ್ಲಿ ಬಂದವರು, ಅದೇ ಉದ್ದದ ಟೀ ಹಿಡಿದರೆ ಕಷ್ಟಪಡುತ್ತಾರೆ.

"ನೀವು ಮುಂದಿನಿಂದ ಆಡಿದರೆ ಪಂದ್ಯ ಸಮ ಆಗೋದು ಹೇಗೆ?" ಅಂತ ಕೇಳುವವರಿದ್ದಾರೆ. ಅದಕ್ಕೂ ದಾರಿ ಇದೆ. ಬೇರೆ ಬೇರೆ ಮಟ್ಟದ ಆಟಗಾರರನ್ನ ಸರಿಸಮ ಮಾಡಲು 2020ರಲ್ಲಿ ಬಂದ ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಂನಲ್ಲಿ ಒಂದೊಂದು ಟೀಗೂ ಬೇರೆ ಕೋರ್ಸ್ ರೇಟಿಂಗ್ (ನುರಿತವರಿಗೆ ಎಷ್ಟು ಹೊಡೆತ ಬೇಕು), ಬೇರೆ ಸ್ಲೋಪ್ (ಸಾಮಾನ್ಯರಿಗೆ ಅವರಿಗಿಂತ ಎಷ್ಟು ಕಷ್ಟ). ಸ್ಲೋಪ್ 55ರಿಂದ 155ರವರೆಗೆ ಇರುತ್ತದೆ, 113 ಅಂದರೆ ಸಾಧಾರಣ. ನಿಮ್ಮ ಇಂಡೆಕ್ಸನ್ನ (ನಿಮ್ಮ ಆಟದ ಮಟ್ಟ ಹೇಳುವ ಸಂಖ್ಯೆ) ಸ್ಲೋಪ್‌ನಿಂದ ಗುಣಿಸಿ 113ರಿಂದ ಭಾಗಿಸಿ, ಅದಕ್ಕೆ ಕೋರ್ಸ್ ರೇಟಿಂಗ್‌ನಲ್ಲಿ ಪಾರ್ ಕಳೆದು ಬಂದದ್ದನ್ನ ಸೇರಿಸಿದರೆ ಆ ಟೀಗೆ ನಿಮಗೆ ರಿಯಾಯಿತಿಯಾಗಿ ಸಿಗುವ ಸ್ಟ್ರೋಕ್ ಗೊತ್ತಾಗುತ್ತದೆ. ಮುಂದೆ ಹೋದವರಿಗೆ ಕಮ್ಮಿ, ಹಿಂದೆ ನಿಂತವರಿಗೆ ಜಾಸ್ತಿ. ಒಂದೇ ಗುಂಪಿನ ನಾಲ್ವರು ನಾಲ್ಕು ಬಣ್ಣದಿಂದ ಆಡಿದರೂ ಪಂದ್ಯ ಸರಿಸಮ.

ಬೆಂಗಳೂರಿನಲ್ಲಿ ಇರುವ, ಇಲ್ಲಿ ಅಪರೂಪವಾದ ಒಂದು ಸೌಲಭ್ಯ ಕ್ಯಾಡಿ, ಅಂದರೆ ಬ್ಯಾಗ್ ಹೊತ್ತು ಜೊತೆಗೆ ಬರುವ ಸಹಾಯಕ. ಇಲ್ಲಿ ನಾವು ಕಾರ್ಟ್ ಹತ್ತಿ ಹೊರಟುಬಿಡುತ್ತೇವೆ, ನಮ್ಮ ಆಟ ನೋಡುವವರು ಯಾರೂ ಇರುವುದಿಲ್ಲ. ಅಲ್ಲಿನ ಕ್ಯಾಡಿ ಮೂರು ಹೋಲ್ ಆಡುವಷ್ಟರಲ್ಲಿ ನಿಮ್ಮ ದೂರ ಎಷ್ಟು ಅಂತ ನಿಮಗಿಂತ ಚೆನ್ನಾಗಿ ತಿಳಿದುಕೊಂಡಿರುತ್ತಾರೆ. ಆದರೆ ಸಾಹೇಬರು ಬ್ಲೂ ಅಂದಮೇಲೆ ಅವರು ಬಾಯಿ ಬಿಡುವುದಿಲ್ಲ. ನೀವೇ ಕೇಳಿ. "ನನ್ನ ಡ್ರೈವ್‌ಗೆ ಯಾವ ಟೀ ಸರಿ?" ಅಂತ ಕೇಳಿ, ಅವರು ತೋರಿಸಿದ ಕಡೆಯಿಂದ ಹೊಡೆಯಿರಿ. ಇನ್ನು ಕ್ಲಬ್ ನಡೆಸುವವರು ರೇಂಜ್‌ನಲ್ಲಿ ನಾಲ್ಕು ಬಣ್ಣದ ಕಂಬ ನೆಡಿಸಲಿ, ಸ್ಕೋರ್ ಕಾರ್ಡ್‌ನಿಂದ 'ಲೇಡೀಸ್' ಅನ್ನೋದನ್ನ ತೆಗೆದು ಆ ಜಾಗದಲ್ಲಿ ಗಜದ ಲೆಕ್ಕ ಹಾಕಿಸಲಿ. ಮುಂದಿನ ಸಲ ಕಾರ್ಡ್ ಅಚ್ಚು ಹಾಕಿಸುವಾಗ ಮಾಡಿದರೂ ಸಾಕು.