ಟೆನ್ಶನ್ ಇಳಸಾಕ ಹತ್ತು ಕಾಲಮ್ಮಿನ ಎಕ್ಸೆಲ್ ಶೀಟು

ನಮ್ಮ ದೋಸ್ತಗ ಡಾಕ್ಟರ್ ಅಂದಿದ್ದು ಇಷ್ಟ, "ಟೆನ್ಶನ್ ಕಡಿಮಿ ಮಾಡ್ಕೋರಿ, ಸ್ವಲ್ಪ ಅಡ್ಡಾಡ್ರಿ, ಕೈಗೆ ಏನರ ಒಂದ ಹವ್ಯಾಸ ಹಚ್ಕೋರಿ." ಈ ಮನಷ್ಯಾ ಅವತ್ತ ರಾತ್ರಿ ಹನ್ನೊಂದರ ತನಕ ಕುಂತು ಟೆನ್ಶನ್ ಇಳಸಾಕಂತ ಹತ್ತು ಕಾಲಮ್ಮಿನ ಎಕ್ಸೆಲ್ ಶೀಟ್ ತಯಾರ ಮಾಡಿದ. ವಾರಕ್ಕ 35 ಕಿಲೋಮೀಟರ್ ಓಟ, ಎರಡು ಮಣ್ಣಿನ ಗೊಂಬಿ, ಒಂದು ಗೇಣು ಕಸೂತಿ, ತಿಂಗಳಿಗೊಂದು ಕೌದಿ, ಮುಗಿದ್ರ ಹಸರ ಬಣ್ಣ, ಮುಗೀಲಿಲ್ಲಂದ್ರ ಕೆಂಪ. ಮೊದಲ ಆಫೀಸಿನ ಟಾರ್ಗೆಟ್ ಒಂದ ಇತ್ತು, ಈಗ ಮನ್ಯಾಗ ಎರಡನೇ ಆಫೀಸ್ ಚಾಲೂ ಆತು, ಇದಕ್ಕ ಪಗಾರೂ ಇಲ್ಲ, ರವಿವಾರ ಸೂಟೀನೂ ಇಲ್ಲ.

ಇಂವ ಒಬ್ಬನ ಹಿಂಗಂದ್ರ ನಾನೂ ಸುಮ್ಕಿರತಿದ್ದೆ ಬಿಡ್ರಿ. ಆದ್ರ ನಸುಕಿನ್ಯಾಗ ನಮ್ಮ ಹುಬ್ಬಳ್ಳಿ ಉಣಕಲ್ ಕೆರಿ ದಂಡಿಗೆ ಹೋಗಿ ನೋಡ್ರಿ, ಕೆರಿ ನೋಡಾವ್ರು ಒಬ್ರೂ ಇಲ್ಲ, ಎಲ್ಲಾರೂ ಮಣಿಕಟ್ಟ ನೋಡ್ಕೋತ ಓಡಾವ್ರು. ಹತ್ತು ಸಾವಿರ ಹೆಜ್ಜಿ ಆಗ್ಬೇಕಂತ, ಒಂಬತ್ತ ಸಾವಿರದ ಎಂಟನೂರಕ್ಕ ನಿಂತ್ರ ಆರೋಗ್ಯ ಬರೂದಿಲ್ಲೇನೋ ಅನ್ನೂವಂಗ. ಆ ಹತ್ತು ಸಾವಿರ ಯಾವ ಡಾಕ್ಟರ್ ಬರೆದಕೊಟ್ಟ ಚೀಟಿನೂ ಅಲ್ಲ, 1965ರಾಗ ಜಪಾನಿನ ಒಂದು ಕಂಪನಿ ಹೆಜ್ಜಿ ಎಣಸೂ ಮಷಿನ್ ಮಾರಾಕ ಅದಕ್ಕ "ಮಾಂಪೊ-ಕೆ" ಅಂತ ಹೆಸರಿಟ್ಟಿತ್ತು, ಅಂದ್ರ ಹತ್ತು ಸಾವಿರ ಹೆಜ್ಜಿ ಮೀಟರ್ ಅಂತ. ಅಂಗಡಿಕಾರ ಇಟ್ಟ ಹೆಸರಿಗೆ ನಮ್ಮ ದೋಸ್ತ ರಾತ್ರಿ ಹನ್ನೊಂದೂವರಿಗೆ ಮಂಚದ ಸುತ್ತ ಪ್ರದಕ್ಷಿಣಿ ಹಾಕ್ತಾನ, ಹೆಂಡತಿ ಚಾದರ ಮುಸುಕ ಹಾಕ್ಕೊಂಡು "ಇನ್ನ ಎಷ್ಟರೀ" ಅಂತ ಕೇಳ್ತಾಳ.

ಹಿಂಗಿದ್ದಾಗ ಮೊನ್ನೆ ಮಳಿಗಾಲದಾಗ ಒಂದು ಕಾರ್ಯಕ್ರಮದ ಪೋಸ್ಟರ್ ಬಂತು, ಓಟಾನೂ ಕೈಗೆಲಸಾನೂ ಕೂಡಿಸಿ ಮನಸ್ಸ ಹಗುರ ಮಾಡೂದು, ಫೀ 1,499 ರೂಪಾಯಿ, ಟೀಶರ್ಟಿಗೆ ಬ್ಯಾರೆ. ಯಾರು ನಡಸ್ತಾರ ಅನ್ನೂದು ಬ್ಯಾಡ ಬಿಡ್ರಿ, ನಾನೂ ರೊಕ್ಕ ಕೊಟ್ಟ ಹೋದಾಂವನ, ಬಾಯಿ ತೆಗದ್ರ ನನ್ನ ಮರ್ಯಾದಿನ ಹೋಗ್ತೈತಿ. ನಿಜ ಹೇಳಬೇಕಂದ್ರ ಹುಬ್ಬಳ್ಳಿಯಿಂದ ಧಾರವಾಡಕ್ಕ ಹೆಚ್ಚುಕಡಿಮಿ 20 ಕಿಲೋಮೀಟರ್, ಹಾಫ್ ಮ್ಯಾರಥಾನ್ 21.1, ಅಂದ್ರ ದೇವರ ನಮ್ಮ ಅವಳಿ ಊರನ್ನ ಓಡಾವ್ರ ಸಲುವಾಗೇ ಅಳತಿ ಮಾಡಿ ಇಟ್ಟಂಗೈತಿ, ಉಳದ ಒಂದು ಕಿಲೋಮೀಟರ್ ಪೇಡೆ ಹುಡಿಕ್ಕೋತ ಓಡಿದ್ರಾತು. ಆದ್ರ ನಾವು ಐದು ಕಿಲೋಮೀಟರ್ ಓಡೂದ್ರಾಗ ಬಾಜೂಕ ಚಿಗರಿ ಬಸ್ಸು ತಣ್ಣಗ ಎಸಿ ಹಾಕ್ಕೊಂಡು ಮೂರ್ನಾಕ ಸಲ ಹಾದು ಹೋತು, ಒಳಗ ಕುಂತ ಮಂದಿ ನಮ್ಮನ್ನ ನೋಡಿದ್ದು ಹೆಂಗ ಅಂದ್ರ, ಪಾಪ ಇವರಿಗೆ ಟಿಕೀಟಿಗೆ ರೊಕ್ಕ ಇಲ್ಲೇನೋ ಅನ್ನೂವಂಗ. ಮುಖ್ಯ ಅತಿಥಿಗಳು ಕಾರಿನ್ಯಾಗ ಬಂದು, ಫೋಟೋಕ್ಕ ಬೇಕಾದಷ್ಟ ಹೆಜ್ಜಿ ಓಡಿ, ಹಾವೇರಿ ಯಾಲಕ್ಕಿ ಹಾರ ಹಾಕಿಸ್ಕೊಂಡು, ಮೈಯಾಗಿನ ಬೆವರ ವಾಸನಿ ಮ್ಯಾಲೆ ಯಾಲಕ್ಕಿ ವಾಸನಿ ಬಿಟಗೋತ ಹೋದ್ರು. ಅಲ್ಲ, ಬೆವರ ನಮ್ದು.

ಓಡಿ ಬಂದ ಮ್ಯಾಲೆ ಕೈಗೆಲಸ. ಒಬ್ಬೊಬ್ಬರಿಗೆ ಪ್ಲಾಸ್ಟಿಕ್ ಪಾಕೀಟಿನ್ಯಾಗ ಅರ್ಧ ಕಿಲೋ ಮಣ್ಣು ಕೊಟ್ಟು "ಕಣ್ಣ ಮುಚ್ಚಿ ಮಣ್ಣಿನ ಜೋಡಿ ಮಾತಾಡ್ರಿ" ಅಂದ್ರು. ಅಲ್ರೀ, ಮಣ್ಣೆತ್ತಿನ ಅಮಾಸಿ ಬಂದ್ರ ನಮ್ಮ ಕಡೆ ಮೂಗಿನ್ಯಾಗ ಸುಂಬಳ ಸುರಿಸೂ ಹುಡುಗೂರೂ ಹೊಲದ ಮಣ್ಣ ತಂದು, ನಾದಿ, ಜೋಡೆತ್ತು ಮಾಡಿ, ಅದಕ್ಕ ಗ್ವಾದಲಿನೂ ಮಾಡಿ ಇಡ್ತಾವು, ಮಣ್ಣಿನ ಜೋಡಿ ಮಾತಾಡೂದಿರಲಿ, ಎತ್ತಿಗೆ ಬೈದೂ ಬಿಡ್ತಾವು. ಫೀ ಇಲ್ಲ, ಸರ್ಟಿಫಿಕೇಟೂ ಇಲ್ಲ. ಇಲ್ಲಿ ನಮ್ಮ ಪದಕ ನಾವ ಮಣ್ಣಿನ್ಯಾಗ ಮಾಡ್ಕೊಂಡು ನಮ್ಮ ಕೊಳ್ಳಾಗ ನಾವ ಹಾಕ್ಕೋಬೇಕಿತ್ತು, ಧಾರವಾಡದ ಜಿಟಿಜಿಟಿ ಮಳ್ಯಾಗ ಅದು ಒಣಗಲಿಲ್ಲ, ಮನಿ ಮುಟ್ಟೂದ್ರಾಗ ಹೊಸ ಟೀಶರ್ಟ್ ಮ್ಯಾಲೆ ಸಗಣಿ ಸಾರಿಸಿದಂಗ ಆತು. ಕೌದಿ ಸೆಶನ್ ಅಂತೂ ಕೇಳಬ್ಯಾಡ್ರಿ. ಹಳೇ ಸೀರಿ, ಹರದ ಧೋತರ ಒಗೀಬಾರದಂತ ಹುಟ್ಟಿದ್ದು ಕೌದಿ. ಇವರು ಮಾರ್ಕೆಟ್ಟಿನಿಂದ ಹೊಸ ಕಾಟನ್ ಪೀಸ್ ತಂದು, ಕತ್ತರಿ ತಗೊಂಡು ಹರದಂಗ ಕಾಣೂವಂಗ ಕತ್ತರಿಸಿ ಕೊಟ್ರು.

ನಮ್ಮ ದೋಸ್ತ ಅರ್ಧ ಆದ ಕಸೂತಿ ಹಿಡ್ಕೊಂಡು ಸೀದಾ ನಮ್ಮ ಆಯಿ ಕಡೆ ಬಂದ. ಅಕಿ ಕನ್ನಡಕ ಏರಿಸಿ ನೋಡಿದ್ಲು.

"ಏನ್ ತಮ್ಮಾ ಇದು?"

"ಗವಂತಿ, ಆಯಿ. ಡಬಲ್ ರನ್ನಿಂಗ್ ಸ್ಟಿಚ್."

"ಹಿಂದ ಇಷ್ಟ ಗಂಟ ಬಿದ್ದಾವಲ್ಲೋ, ಇದು ಗವಂತಿ ಏನ?"

ಗವಂತಿ ಅಂದ್ರ ಹಂಗ ನೋಡ್ರಿ, ಸೂಜಿ ಒಂದ ಟಾಕಿ ಬಿಟ್ಟು ಒಂದ ಟಾಕಿ ಹಾಕ್ಕೋತ ಆ ತುದಿಗೆ ಹೋಗಬೇಕು, ಆಮ್ಯಾಲೆ ಬಿಟ್ಟ ಜಾಗಾ ತುಂಬ್ಕೋತ ಅದ ಹಾದಿ ಹಿಡದ ತಿರುಗಿ ಬರಬೇಕು, ಗಂಟ ಹಾಕೂ ಹಂಗಿಲ್ಲ, ಮುಂದ ಹಿಂದ ಎರಡೂ ಕಡೆ ಒಂದ ನಮೂನಿ ಕಾಣಬೇಕು. ನಮ್ಮಾಯಿ ಹಿಂಗ ಇಳಕಲ್ ಸೀರಿ ಸೆರಗಿನ ಮ್ಯಾಲೆ ಗೋಪುರ, ತೇರು, ಆನಿ ಎಷ್ಟ ಓಡಿಸ್ಯಾಳೋ, ಎಲ್ಲಾ ಕಟ್ಟಿ ಮ್ಯಾಲೆ ಕುಂತು. "ಒಂದ ಸೆರಗಿಗೆ ಎಷ್ಟ ದಿನಾ ಹಿಡಿತಿತ್ತು ಆಯಿ, ದಿನಕ್ಕ ಎಷ್ಟ ಟಾಕಿ?" ಅಂತ ಇಂವ ಮೊಬೈಲ್ ತೆಗದ ಬರ್ಕೊಳ್ಳಾಕ ತಯಾರಾದ. ಆಯಿ "ಹಸಿವಾಗೈತೇನೋ ನಿನಗ" ಅಂದು ಒಲಿ ಮುಂದ ಕುಂತ್ಲು.

ಅವತ್ತ ಅವನ ಹೆಜ್ಜಿ ಇನ್ನೂ ಬಾಕಿ ಇದ್ದುವು, ಕಾಲ ನೋಯಾಕತ್ತಿದ್ದುವು. ಏನ್ ತಿಳೀತೋ ಏನೋ, ವಾಚ್ ಬಿಚ್ಚಿ ಆಯಿ ಕೈಗೆ ಕಟ್ಟಿದ. ಅಕಿ ಟಪಾಟಪ್ ಜ್ವಾಳದ ರೊಟ್ಟಿ ಬಡಿದ್ಲು, ವಾಚ್ ಪಾಪ ಯಾರೋ ಓಡಾಕತ್ತಾರಂತ ತಿಳ್ಕೊಂಡು ಎಣಸ್ಕೋತ ಹೋತು, ಕಡೀ ರೊಟ್ಟಿಗೆ "ಅಭಿನಂದನೆಗಳು" ಅಂತ ಗುಂಯ್ ಅಂತು. ಈಗ ದಿನಾ ಸಂಜಿಕೆ ಏಳಕ್ಕ ಬರ್ತಾನ, ಚಪ್ಪಲಿ ಬಿಡೂಕಿಂತ ಮೊದಲ "ಆಯಿ, ಇವತ್ತ ಎಷ್ಟ ರೊಟ್ಟಿ?" ಅಂತಾನ. ಅವರ ರನ್ನಿಂಗ್ ಗ್ರೂಪಿನ್ಯಾಗ ಎರಡು ವಾರದಿಂದ ಇವನ ಒಂದನೇ ನಂಬರ್, ಕೋಚ್ ಸಾಹೇಬ್ರು "ಇಷ್ಟ ನಿಯಮಿತ ಪ್ರಾಕ್ಟೀಸ್ ಹೆಂಗ ಮಾಡ್ತೀರಿ, ಉಳದಾವ್ರಿಗೂ ಸ್ವಲ್ಪ ಹೇಳಿಕೊಡ್ರಿ" ಅಂತ ಕೇಳ್ಯಾರ, ಬರೂ ರವಿವಾರ ಸತ್ಕಾರ ಐತಂತ. ಇಂವ ಅಂಜಿ ಆಯಿನ್ನ ಜೋಡೀ ಕರದ.

"ನಾ ಬಂದ್ರ ಏನ್ ಕೊಡ್ತಾರೋ ತಮ್ಮಾ?"

"ಪದಕ ಕೊಡ್ತಾರ ಆಯಿ."

"ಮಣ್ಣಿಂದೇನು? ಬ್ಯಾಡಪ್ಪಾ, ಈ ಮಳ್ಯಾಗ ಒಣಗೂದಿಲ್ಲ. ಬರಬೇಕಾರ ಎರಡ ಸೇರ ಜ್ವಾಳ ತಗೊಂಡ ಬಾ, ನಿನ್ನ ಓಟದಾಗ ಹಿಟ್ಟ ಖಾಲಿ ಆಗೇತಿ."